ಸಾವಿನ ಮನೆ ಹೊಸ್ತಿಲು ದಾಟಿದವರು

ಪುನೀತ್ ರಾಜಕುಮಾರ್ ತೀರಿಕೊಂಡ ದಿನ ನಾನು ತವರಿನಲ್ಲಿದ್ದೆ. 2021ರ ಅಕ್ಟೋಬರ್ 29, ಶುಕ್ರವಾರ. ದೀಪಾವಳಿಗೆ ಇನ್ನು ಒಂದು ವಾರವೂ ಉಳಿದಿರಲಿಲ್ಲ. ಶಾಲೆಗೆ ಒಂದು ದಿನದ ರಜೆ ಚೀಟಿ ಬರೆದು, ಅವ್ವನನ್ನು ಕಂಡು ಬರೋಣವೆಂದು ಇಳಕಲ್ಲಿನಿಂದ ರಾಮಥಾಳಕ್ಕೆ ಹೋಗಿದ್ದೆ. ಉಂಡು ಕೈ ತೊಳೆಯುವಷ್ಟರಲ್ಲಿ ಚಿಕ್ಕಪ್ಪನ ಮೊಮ್ಮಗ ಮೊಬೈಲು ಹಿಡಿದುಕೊಂಡು ಓಡಿ ಬಂದ. "ಅಪ್ಪು ಹೋದನಂತ!" ಟೀವಿ ಹಚ್ಚಿದೆವು. ಅರ್ಧ ತಾಸಿನಲ್ಲಿ ಓಣಿಯ ಎಂಟು ಹತ್ತು ಹೆಂಗಸರು ನಮ್ಮ ಪಡಸಾಲೆಯಲ್ಲಿ ಬಂದು ಕುಳಿತರು. ಎಲ್ಲರೂ ಅತ್ತೆವು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. 'ಬೆಟ್ಟದ ಹೂವು' ಚಿತ್ರದ ಆ ಹುಡುಗನನ್ನು ನಮ್ಮ ವಯಸ್ಸಿನವರೆಲ್ಲ ಮನೆಯ ಹುಡುಗ ಎಂದುಕೊಂಡೇ ಬೆಳೆದವರು. 46 ಸಾಯುವ ವಯಸ್ಸೇ?

ಸಂಜೆಯಾದರೂ ಯಾರೂ ಏಳಲಿಲ್ಲ. ನಡುವೆ ಯಾರೋ ಚಹಾ ಮಾಡಿದರು. ಚುರುಮುರಿ ಬಂತು. ಟೀವಿಯಲ್ಲಿ ಅದೇ ಆಸ್ಪತ್ರೆಯ ಗೇಟು, ಅದೇ ಆಂಬ್ಯುಲೆನ್ಸು, ಅದೇ ಹೆಂಡತಿಯ ಮುಖ. ತೋರಿಸಿದ್ದನ್ನೇ ತೋರಿಸಿ, ಹತ್ತಿರ ತಂದು ತೋರಿಸಿ, ನಿಧಾನ ಮಾಡಿ ತೋರಿಸಿ. ಹಿಂದೆ ವಾದ್ಯದ ದುಃಖದ ರಾಗ ಬೇರೆ. ಕಂಬಕ್ಕೆ ಒರಗಿ ಮರದಲ್ಲಿ ಕಡಲೆ ಹಸನು ಮಾಡುತ್ತಿದ್ದ ಅವ್ವ ಒಮ್ಮೆಲೆ ಸಿಟ್ಟಿನಿಂದ ಅಂದಳು:

"ಅಕಿ ಮಾರಿ ಯಾಕ ತೋರಸಾಕತ್ಯಾರ? ಅಕಿ ಅತ್ರ ನಿಮಗೇನು ಬರೂದೈತಿ? ಆರಸವಾ ಅದನ್ನ."

ಯಾರೂ ಆರಿಸಲಿಲ್ಲ. ರಿಮೋಟು ನನ್ನ ಕೈಯಲ್ಲೇ ಇತ್ತು. ನಾನೂ ಆರಿಸಲಿಲ್ಲ. ಆದ್ದರಿಂದ ಮುಂದೆ ನಾನು ಬೈಯಲು ಹೊರಟಿರುವವರ ಸಾಲಿನಲ್ಲಿ ಮೊದಲು ನನ್ನನ್ನು ನಿಲ್ಲಿಸಿಯೇ ಮಾತು ಶುರುಮಾಡುತ್ತೇನೆ.

ಅವ್ವನ ಆ ಸಿಟ್ಟು ಆ ದಿನದ್ದಲ್ಲ. ಅದಕ್ಕೆ ಇಪ್ಪತ್ತೈದು ವರ್ಷವಾಗಿತ್ತು.

1996ರಲ್ಲಿ ನನ್ನ ತಮ್ಮ ತೀರಿಕೊಂಡ. ಹುನಗುಂದದಿಂದ ಸೈಕಲ್ಲಿನಲ್ಲಿ ಬರುವಾಗ ಲಾರಿ ಬಡಿದು. ಅವನಿಗೆ 22. ಸುದ್ದಿ ತಂದ ಮನುಷ್ಯ ನಮಗೆ ದೂರದ ಸಂಬಂಧಿ. ಅವನು ಹೇಗೆ ಬಂದ ಎನ್ನುವುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮನೆಗೆ ನೇರ ಬರಲಿಲ್ಲ. ಮೊದಲು ಹೊಲಕ್ಕೆ ಹೋಗಿ ಚಿಕ್ಕಪ್ಪನನ್ನು ಕರೆದುಕೊಂಡ. ಚಿಕ್ಕಪ್ಪ ಓಣಿಯ ಹಿರಿಯ ಹೆಂಗಸರಿಬ್ಬರಿಗೆ ಹೇಳಿದ. ಅವರಿಬ್ಬರೂ ಬಂದು ಅವ್ವನ ಎಡಕ್ಕೊಬ್ಬರು ಬಲಕ್ಕೊಬ್ಬರು ಕುಳಿತ ಮೇಲೆಯೇ ಚಿಕ್ಕಪ್ಪ ಹೊಸ್ತಿಲಲ್ಲಿ ನಿಂತು, "ಹುಡುಗಗ ಸ್ವಲ್ಪ ಪೆಟ್ಟಾಗೇತಂತ, ದವಾಖಾನಿಗೆ ಹೋಗಿ ಬರೂಣ" ಎಂದ. ಅವ್ವನಿಗೆ ಆಗಲೇ ಗೊತ್ತಾಯಿತು. ಆದರೂ ದವಾಖಾನೆ ಮುಟ್ಟುವವರೆಗೆ ಯಾರೂ ಆ ಮಾತು ಬಾಯಿಬಿಟ್ಟು ಆಡಲಿಲ್ಲ. ಸುದ್ದಿ ತಂದವನು ನಮ್ಮ ಮನೆಯಲ್ಲಿ ನೀರು ಕೂಡ ಕುಡಿಯಲಿಲ್ಲ. ಅಕ್ಷರ ಬಾರದ ಮನುಷ್ಯ. ಸಾವಿನ ಸುದ್ದಿಯನ್ನು ಯಾರಿಗೆ ಮೊದಲು, ಯಾರಿಗೆ ಆಮೇಲೆ, ಎಷ್ಟು ದನಿಯಲ್ಲಿ ಹೇಳಬೇಕೆಂದು ಅವನಿಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

ಕಾಲೇಜು ಕಲಿತವನು ದವಾಖಾನೆಯಲ್ಲಿದ್ದ. ಕೊರಳಲ್ಲಿ ಕ್ಯಾಮರಾ. ವರಾಂಡದಲ್ಲಿ ಅವ್ವ ನೆಲಕ್ಕೆ ಬಿದ್ದು ಹೊರಳಾಡುವಾಗ ತಲೆಯ ಮೇಲಿನ ಸೆರಗು ಜಾರಿತ್ತು, ಕೂದಲು ಬಿಚ್ಚಿತ್ತು. ನಾನು ಸೆರಗು ಸರಿಮಾಡಲು ಬಾಗುವಷ್ಟರಲ್ಲಿ ಫಳ್ ಎಂದು ಬೆಳಕು. ಮರುದಿನ ಒಂದು ಪತ್ರಿಕೆಯಲ್ಲಿ ಆ ಚಿತ್ರ ಬಂತು. ಕೆಳಗೆ ತಮ್ಮನ ಹೆಸರನ್ನೂ ತಪ್ಪು ಬರೆದಿದ್ದರು. ಪತ್ರಿಕೆಯ ಹೆಸರು ಬೇಡ. ಎರಡು ತಿಂಗಳು ಕಳೆದ ಮೇಲೆ ಸಂತೆಯಿಂದ ತಂದ ಶೇಂಗಾದ ಪೊಟ್ಟಣ ಬಿಚ್ಚಿದರೆ ಅದೇ ಹಾಳೆ. ಅವ್ವ ಅದನ್ನು ನೋಡಿದಳು. ಶೇಂಗಾ ಬುಟ್ಟಿಗೆ ಸುರಿದು ಹಾಳೆಯನ್ನು ಒಲೆಗೆ ಹಾಕಿದಳು. ಮಗ ಸತ್ತದ್ದು ದೇವರ ಆಟ ಎನ್ನುತ್ತಾಳೆ ಆಕೆ. ಆ ಚಿತ್ರವನ್ನು ಮಾತ್ರ ಎಂದೂ ದೇವರ ಲೆಕ್ಕಕ್ಕೆ ಹಚ್ಚಿಲ್ಲ.

ನಮ್ಮದು ಒಂದು ಚಿತ್ರ, ಒಂದು ದಿನ. ಅಶ್ವಿನಿಯವರಿಗೆ ಮೂರು ದಿನ, ಹಗಲು ರಾತ್ರಿ.

ಈ ಮಾತಿಗೆ ಉತ್ತರ ಸಿದ್ಧವಾಗಿಯೇ ಇರುತ್ತದೆ. "ಅವರು ಸಾರ್ವಜನಿಕ ವ್ಯಕ್ತಿಗಳು. ಕೋಟಿ ಜನರ ಅಭಿಮಾನ ಪಡೆದ ಮೇಲೆ ಸಾವೂ ಸಾರ್ವಜನಿಕವೇ." ಕೇಳಲು ಸರಿ ಎನಿಸುತ್ತದೆ. ಆದರೆ ಕೊಟ್ಟದ್ದು ಯಾವುದು, ಕಸಿದುಕೊಂಡದ್ದು ಯಾವುದು ಎಂದು ಬಿಡಿಸಿ ನೋಡಿ. ಆ ಮನೆತನ ಕೊಟ್ಟದ್ದು ಕಡಿಮೆಯೇ? ಗಂಡನ ದೇಹವನ್ನು ಕಂಠೀರವ ಕ್ರೀಡಾಂಗಣದಲ್ಲಿಟ್ಟು ಲಕ್ಷಾಂತರ ಜನಕ್ಕೆ ಕಡೆಯ ದರ್ಶನ ಕೊಟ್ಟರು. ಅಮೆರಿಕದಿಂದ ಹಿರಿಯ ಮಗಳು ಬರುವವರೆಗೆ ಅಂತ್ಯಕ್ರಿಯೆಯನ್ನು ತಡೆದರು, ಅಷ್ಟು ಹೊತ್ತೂ ಜನ ನೋಡಲಿ ಎಂದು ಬಿಟ್ಟರು. ಕಣ್ಣುಗಳನ್ನೂ ಕೊಟ್ಟರು. ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳ ಮುಂದಿನ ಪದರ, ಹಿಂದಿನ ಪದರ ಬೇರೆ ಮಾಡಿ ನಾಲ್ಕು ಜನಕ್ಕೆ ದೃಷ್ಟಿ ಕೊಟ್ಟರು. ತಂದೆ ರಾಜಕುಮಾರ್, ತಾಯಿ ಪಾರ್ವತಮ್ಮನವರದೂ ಇದೇ ದಾನ. ಆ ಸುದ್ದಿಯನ್ನು ಟೀವಿಯವರೂ ಪತ್ರಿಕೆಯವರೂ ಊರೂರಿಗೆ ಮುಟ್ಟಿಸಿದರು. ಅದನ್ನು ನೋಡಿ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ನಮ್ಮ ಶಾಲೆಯಲ್ಲಿ ನಾವು ಮೂವರು ಶಿಕ್ಷಕಿಯರೂ ಬರೆಸಿದೆವು. ಸುದ್ದಿಯವರ ಕೈಯಿಂದ ಇಂಥ ಕೆಲಸವೂ ಆಗುತ್ತದೆ, ಅದನ್ನು ನಾನು ಮರೆತಿಲ್ಲ.

ಕೊಟ್ಟದ್ದು ಇಷ್ಟೆಲ್ಲ ಇರುವಾಗ ಕಸಿಯುವ ಗರಜು ಏನಿತ್ತು? ಆ ಮಗಳು ದೆಹಲಿಗೆ ಇಳಿದಳು, ಅಲ್ಲಿಂದ ಹಾರಿದಳು, ಬೆಂಗಳೂರಿಗೆ ಬಂದಳು, ಕಾರು ಈಗ ಇಲ್ಲಿದೆ ಎಂದು ಪರದೆಯ ಮೇಲೆ ಕ್ರಿಕೆಟ್ ಸ್ಕೋರಿನಂತೆ ಹಾಕುತ್ತ ಹೋದರು. ಅಪ್ಪನ ಮುಖ ನೋಡಿದಾಗ ಆಕೆ ಹೇಗೆ ಅಳುತ್ತಾಳೆ ಎಂದು ಕಾದು ಕುಳಿತರು. ಕಾದು ಕುಳಿತವರಲ್ಲಿ ನಾವೂ ಇದ್ದೆವು. ಆ ಹುಡುಗಿ ಸಿನಿಮಾದವಳಲ್ಲ, ಯಾರ ಓಟೂ ಕೇಳಿದವಳಲ್ಲ. ಅಪ್ಪನನ್ನು ಕಳೆದುಕೊಂಡ ಒಬ್ಬ ವಿದ್ಯಾರ್ಥಿನಿ. ಹಿಂದಿನ ವರ್ಷ, 2020ರ ಜೂನ್ 7ರಂದು ಚಿರಂಜೀವಿ ಸರ್ಜಾ ಹೋದಾಗ ಅವರ ಬಸುರಿ ಹೆಂಡತಿಯನ್ನೂ ಹೀಗೆಯೇ ಸುತ್ತುವರಿದಿದ್ದರು. ಕೊರೋನಾ ಕಾಲ, ಬಸುರಿ ಹೆಂಗಸು, ಆದರೂ ಮೂಗಿಗೆ ಮೈಕು.

2006ರ ಏಪ್ರಿಲಿನಲ್ಲಿ ಡಾ. ರಾಜ್ ತೀರಿಕೊಂಡಾಗ ಬೆಂಗಳೂರು ಹೊತ್ತಿ ಉರಿದದ್ದು, ಒಬ್ಬ ಪೊಲೀಸನೂ ಸೇರಿ ಜೀವಗಳು ಹೋದದ್ದು ನಿಮಗೆಲ್ಲ ನೆನಪಿರಬೇಕು. 2021ರಲ್ಲಿ ಸರಕಾರ ಅದರಿಂದ ಪಾಠ ಕಲಿತಿತ್ತು. ಬಂದೋಬಸ್ತು ಮಾಡಿತು, ಮದ್ಯ ಮಾರಾಟ ನಿಲ್ಲಿಸಿತು, ಅಕ್ಟೋಬರ್ 31ರಂದು ಬೆಳಗಾಗುವ ಹೊತ್ತಿಗೇ ಕಂಠೀರವ ಸ್ಟುಡಿಯೋದಲ್ಲಿ ಶಾಂತವಾಗಿ ಮಣ್ಣು ಮಾಡಿಸಿತು. ಪೊಲೀಸರು ಕಲಿತರು, ಅಭಿಮಾನಿಗಳೂ ಬಹುಮಟ್ಟಿಗೆ ಕಲಿತರು. ಸುದ್ದಿಯವರು ಕಲಿಯಲಿಲ್ಲ.

ಕಲಿಯದೆ ಏನಾಯಿತು ಎನ್ನುವುದಕ್ಕೆ ಆ ವೈದ್ಯರದೇ ಉದಾಹರಣೆ. ಪುನೀತ್ ಮೊದಲು ಹೋದದ್ದು ಕುಟುಂಬದ ವೈದ್ಯರ ಹತ್ತಿರ, ಅಲ್ಲಿಂದ ವಿಕ್ರಂ ಆಸ್ಪತ್ರೆಗೆ. ಮರುದಿನದಿಂದ ಸ್ಟುಡಿಯೋದಲ್ಲಿ ಕುಳಿತವರು ಎಷ್ಟು ನಿಮಿಷಕ್ಕೆ ಇಸಿಜಿ, ಎಷ್ಟು ನಿಮಿಷಕ್ಕೆ ಕಾರು, ಆಂಬ್ಯುಲೆನ್ಸ್ ಯಾಕೆ ಇಲ್ಲ ಎಂದು ವಿಚಾರಣೆ ನಡೆಸಿದರು. ಅವರಲ್ಲಿ ವೈದ್ಯ ಎಷ್ಟು ಜನ, ನ್ಯಾಯಾಧೀಶ ಎಷ್ಟು ಜನ? ಕೊನೆಗೆ ಆ ವೈದ್ಯರ ಮನೆಗೆ, ದವಾಖಾನೆಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಖಾಸಗಿ ಆಸ್ಪತ್ರೆಗಳ ಸಂಘ ಮುಖ್ಯಮಂತ್ರಿ ಬೊಮ್ಮಾಯಿಯವರಿಗೆ ಪತ್ರ ಬರೆದು ರಕ್ಷಣೆ ಕೇಳಬೇಕಾಯಿತು. ಇತ್ತ ಜಿಮ್ಮಿಗೆ ಹೋದದ್ದೇ ತಪ್ಪಾಯಿತೆಂಬ ಚರ್ಚೆ ನೋಡಿ ಜನ ಎದೆ ಹಿಡಿದುಕೊಂಡು ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ದುಃಖ ತಾಳದೆ ಜೀವ ಕಳೆದುಕೊಂಡ ಅಭಿಮಾನಿಗಳ ಸುದ್ದಿ ಒಂದರ ಹಿಂದೆ ಒಂದು ಬಂತು. ಹಾಗೆ ಮಾಡಬೇಡಿ ಎಂದು ಕೈ ಮುಗಿದು ಕೇಳಲು ಯಾರು ಬರಬೇಕಾಯಿತು? ಸೂತಕದಲ್ಲಿದ್ದ ಆ ಮನೆಯವರೇ! ಹೀಗೆ ಜೀವ ಕಳೆದುಕೊಂಡವರ ವರದಿಯನ್ನು ಎದ್ದು ಕಾಣುವಂತೆ ಹಾಕಬೇಡಿ, ಹೇಗೆ ಎನ್ನುವುದನ್ನು ವಿವರಿಸಬೇಡಿ, ಮತ್ತೆ ಮತ್ತೆ ತೋರಿಸಬೇಡಿ ಎಂದು ಭಾರತೀಯ ಪ್ರೆಸ್ ಕೌನ್ಸಿಲ್ 2019ರಲ್ಲಿಯೇ ಹೇಳಿತ್ತು. ಅದು ಪತ್ರಿಕೆಗಳಿಗೆ ಎಂದು ಟೀವಿಯವರು ಕೈ ಝಾಡಿಸಿಕೊಳ್ಳುತ್ತಿದ್ದರು. ಸುಶಾಂತ್ ಸಿಂಗ್ ರಜಪೂತ್ ಪ್ರಕರಣದ ಗದ್ದಲದ ಮೇಲೆ ಮುಂಬಯಿ ಹೈಕೋರ್ಟು 2021ರ ಜನವರಿಯಲ್ಲಿ, ನಿಮಗೇ ಬೇರೆ ನಿಯಮ ಬರುವವರೆಗೆ ನೀವೂ ಇದನ್ನೇ ಪಾಲಿಸಿ ಎಂದಿತು.

ಅವಸರವೂ ಒಂದು ರೋಗ. 2021ರ ಜೂನಿನಲ್ಲಿ ಸಂಚಾರಿ ವಿಜಯ್ ಅಪಘಾತವಾಗಿ ಆಸ್ಪತ್ರೆಯಲ್ಲಿದ್ದರು. ರಾಷ್ಟ್ರಪ್ರಶಸ್ತಿ ಪಡೆದ ನಟ. ವೈದ್ಯರು 14ನೇ ತಾರೀಖು ಮೆದುಳು ಸ್ಪಂದಿಸುತ್ತಿಲ್ಲ ಎಂದರೇ ಹೊರತು ತೀರಿಕೊಂಡರು ಎಂದಿರಲಿಲ್ಲ. ಅಷ್ಟರಲ್ಲಿ ದೊಡ್ಡ ದೊಡ್ಡವರ ಶ್ರದ್ಧಾಂಜಲಿ ಮುಗಿದುಹೋಗಿತ್ತು. ಅವರು ಹೋದದ್ದು 15ರ ಬೆಳಗಿನ ಜಾವ. ಅಂಗಾಂಗ ದಾನಕ್ಕೆ ಒಪ್ಪಿ ಎದೆ ಗಟ್ಟಿಮಾಡಿಕೊಂಡು ಒಳಗೆ ಕುಳಿತಿದ್ದ ಮನೆಯವರು ಹೊರಗೆ ಬಂದರೆ ಊರೆಲ್ಲ ಆಗಲೇ ಹೂಮಾಲೆ ಹಾಕಿತ್ತು. ನನ್ನ ಚಿಕ್ಕಪ್ಪ ಹೊಲದಿಂದ ಮನೆಗೆ ನಡೆದು ಬರುವಷ್ಟು ಹೊತ್ತು ಕಾಯಲು ಆಗುವುದಿಲ್ಲವೇ ಇವರಿಗೆ?

ಇಲ್ಲಿಯವರೆಗೆ ಬಹುಪಾಲು ಗಂಡಸರ ಸಾವಿನ ಮಾತಾಯಿತು. ಗಂಡಸು ಸತ್ತರೆ ಕ್ಯಾಮರಾ ಹೆಂಡತಿಯ ಮುಖದ ಮೇಲೆ. ಹೆಂಗಸೇ ಸತ್ತರೆ ಎಲ್ಲಿ? ಆಕೆಯ ಮೈ ಮೇಲೆ.

ಕಲ್ಪನಾ ಸತ್ತದ್ದು ನಮ್ಮ ಉತ್ತರ ಕರ್ನಾಟಕದಲ್ಲಿಯೇ, ಸಂಕೇಶ್ವರದ ಹತ್ತಿರದ ಗೋಟೂರಿನಲ್ಲಿ. 1979ರ ಮೇ 12. ಆಕೆಗೆ ಇನ್ನೂ 36 ತುಂಬಿರಲಿಲ್ಲ. ನಾಟಕ ಕಂಪನಿಯೊಂದಿಗೆ ಈ ಕಡೆ ತಿರುಗುತ್ತಿದ್ದ ದಿನಗಳು. ಆಗ ಟೀವಿ ಇರಲಿಲ್ಲ. ಆದರೂ ಆ ಸಾವನ್ನು ಬಿಟ್ಟರೇ? ಯಾರೊಡನೆ ಇದ್ದಳು, ಏನು ಜಗಳ, ಎಷ್ಟು ಸಾಲ, ಏನು ನುಂಗಿದಳು. ಸಿನಿಮಾ ವಾರಪತ್ರಿಕೆಗಳು ಬರೆದವು, ಅವು ಮುಚ್ಚಿದ ಮೇಲೆ ಪುರವಣಿಗಳು ಬರೆದವು, ಈಗ ಮೊಬೈಲಿನಲ್ಲಿ 'ಆ ಕೊನೆಯ ರಾತ್ರಿ' ಎಂದು ಹೆಸರಿಟ್ಟು ದಿನಕ್ಕೊಬ್ಬರು ಹೇಳುತ್ತಾರೆ. ಆಕೆ ಸತ್ತು ನಲವತ್ತು ವರ್ಷ ದಾಟಿದರೂ ಆ ಕೋಣೆಯ ಬಾಗಿಲು ಮುಚ್ಚಿಲ್ಲ. ತ್ರಿವೇಣಿಯವರ 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದಾಗ ಮಂದಿಯ ಬಾಯಿಗೆ ಸಿಕ್ಕಿ ಬುದ್ಧಿ ಕಳೆದುಕೊಳ್ಳುವ ಕಾವೇರಿಯಾಗಿ ನಟಿಸಿದ್ದು ಈ ಕಲ್ಪನಾ. ಅದನ್ನು ನೋಡಿ ಕಣ್ಣೀರು ಸುರಿಸಿದ ನಾವೇ ಆಕೆಯನ್ನು ನಮ್ಮ ಬಾಯಿಗೆ ಹಾಕಿಕೊಂಡೆವು.

2018ರ ಫೆಬ್ರುವರಿ 24ರಂದು ದುಬೈಯಲ್ಲಿ ಶ್ರೀದೇವಿ ತೀರಿಕೊಂಡರು. ಅಲ್ಲಿಯ ಸರಕಾರ ಮೂರು ದಿನದಲ್ಲಿ ತನಿಖೆ ಮುಗಿಸಿ ಇದು ಆಕಸ್ಮಿಕ ಎಂದಿತು. ಆ ಮೂರು ದಿನ ನಮ್ಮ ದೇಶದ ಟೀವಿಗಳಲ್ಲಿ ಸ್ನಾನದ ತೊಟ್ಟಿ ಬಿಟ್ಟು ಬೇರೆ ಏನೂ ಇರಲಿಲ್ಲ. ಕಂಪ್ಯೂಟರಿನಲ್ಲಿ ತೊಟ್ಟಿ ಬರೆದು ಅದರಲ್ಲಿ ಆಕೆಯನ್ನು ಮಲಗಿಸಿದರು. ತೆಲುಗಿನ ವರದಿಗಾರನೊಬ್ಬ ತಾನೇ ತೊಟ್ಟಿಯಲ್ಲಿ ಮಲಗಿ ತೋರಿಸಿದ. ಐವತ್ತು ವರ್ಷ ದುಡಿದ ಹೆಣ್ಣಿನ ಕೆಲಸದ ಬಗ್ಗೆ ಆಡಲು ಇವರಿಗೆ ಮಾತೇ ಇರಲಿಲ್ಲವೇ?

ಸ್ಪಂದನಾ ವಿಜಯ್ ರಾಘವೇಂದ್ರ ಅವರದಂತೂ ಇನ್ನೂ ನಮ್ಮ ಮನಸ್ಸಿನಲ್ಲಿ ಹಸಿಯಾಗಿದೆ. 2023ರ ಆಗಸ್ಟಿನಲ್ಲಿ ಬ್ಯಾಂಕಾಕಿನಲ್ಲಿ ಹೃದಯಾಘಾತ. ದೇಹ ಇನ್ನೂ ಊರಿಗೆ ಬಂದಿರಲಿಲ್ಲ, ಇಲ್ಲಿ ಆಕೆಯ ಊಟದ ತಾಟನ್ನು ಚರ್ಚೆಗೆ ಇಟ್ಟಿದ್ದರು. ಡಯಟ್ ಮಾಡುತ್ತಿದ್ದಳೇ, ತೂಕ ಎಷ್ಟು ಇಳಿಸಿದ್ದಳು, ಇಳಿಸುವುದು ಯಾಕೆ ಬೇಕಿತ್ತು! ಮೊದಲಿನ ಫೋಟೋ, ಆಮೇಲಿನ ಫೋಟೋ ಅಕ್ಕಪಕ್ಕ. ಬದುಕಿದ್ದಾಗ ದಪ್ಪ ಆದಳು ಎಂದು ಆಡುವವರು ನಾವೇ, ಸತ್ತ ಮೇಲೆ ತೆಳ್ಳಗಾಗಿದ್ದಳು ಎಂದು ತಪ್ಪು ಹೊರಿಸುವವರೂ ನಾವೇ. ಒಂದು ತಿಂಗಳು ತುಂಬುವುದರೊಳಗೆ ಇನ್ನೊಂದು. ಸೆಪ್ಟೆಂಬರ್ 6ರಂದು ನಟಿ ರಮ್ಯಾ ಅವರೂ ಹೃದಯಾಘಾತದಿಂದ ಹೋದರೆಂದು ಸುದ್ದಿ ಹರಡಿತು. ಆಕೆ ಜಿನೀವಾದಲ್ಲಿ ಆರಾಮಾಗಿದ್ದರು. ಒಂದು ಫೋನು ಮಾಡಿ ಕೇಳಬಹುದಿತ್ತು. ಒಬ್ಬ ಪತ್ರಕರ್ತೆ ಹಾಗೆ ಕೇಳಿಯೇ ಸುಳ್ಳೆಂದು ಹೊರಗೆಡವಿದ್ದು.

ಜನ ಕೇಳುತ್ತಾರೆ, ಅದಕ್ಕೇ ಕೊಡುತ್ತೇವೆ. ಇದು ಅವರ ಕಡೆಯ ಉತ್ತರ. ಮನೆಯಲ್ಲಿ ಹುಡುಗರು ರಾತ್ರಿ ಹತ್ತಕ್ಕೆ ಐಸ್‌ಕ್ಯಾಂಡಿ ಕೇಳುತ್ತವೆ, ಕೊಡುತ್ತೇವೆಯೇ? ಆದರೂ ಈ ಉತ್ತರ ನನಗೆ ಚುಚ್ಚುತ್ತದೆ. ಯಾಕೆಂದರೆ ಆ ಜನ ಎಂದರೆ ಬಹಳ ಮಟ್ಟಿಗೆ ನಾವೇ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಟೀವಿಯ ಮುಂದೆ ಯಾರು ಇರುತ್ತಾರೆ? ಸೀರೆಗೆ ಕುಚ್ಚು ಕಟ್ಟುತ್ತ, ಮೆಂತ್ಯೆ ಸೋಸುತ್ತ ಇರುವ ನಾವು. ನಮ್ಮ ಕಣ್ಣೀರು ಅವರಿಗೆ ಜಾಹೀರಾತಿನ ದುಡ್ಡು. ಎದುರಿಗೆ ಅಳುವವಳು ಅಳುತ್ತಿರುವಾಗಲೇ ಸೋಪಿನ ಪುಡಿಯ ಹಾಡು ಬರುತ್ತದೆ, ಅದು ಮುಗಿದ ಮೇಲೆ ಅಳು ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ನಮ್ಮ ಹಳ್ಳಿಯವರೇನು ದೇವರಲ್ಲ. ರಾಮಥಾಳದಲ್ಲೂ ಸತ್ತವರ ಬಗ್ಗೆ ಆಡಿಕೊಳ್ಳುತ್ತಾರೆ, ಮಣ್ಣು ಆರುವ ಮೊದಲೇ ಹೊಲ ಯಾರಿಗೆ ಎಂದು ಲೆಕ್ಕ ಹಾಕುತ್ತಾರೆ. ಆದರೆ ಅದೆಲ್ಲ ಕೆರೆದಂಡೆಯಲ್ಲಿ, ಬಾವಿಕಟ್ಟೆಯಲ್ಲಿ. ಸಾವಿನ ಮನೆಯ ಹೊಸ್ತಿಲು ದಾಟಿದ ಮೇಲೆ ಬೇರೆ. "ಹೆಂಗಾತು" ಎಂದು ಮನೆಯಾಕೆಯನ್ನು ಯಾರೂ ಕೇಳುವುದಿಲ್ಲ. ಹೇಳಬೇಕೆನಿಸಿದರೆ ಆಕೆಯೇ ಹೇಳುತ್ತಾಳೆ. ಗಂಡಸರು ಕಟ್ಟೆಯ ಮೇಲೆ ಉಳಿಯುತ್ತಾರೆ. ಹೆಂಗಸರು ಒಳಗೆ ಹೋಗಿ ಮೊದಲು ಮಾಡುವ ಕೆಲಸ ಆಕೆಯ ಸೆರಗು ಸರಿಮಾಡುವುದು. ಒಲೆ ಹಚ್ಚದ ಮನೆಗೆ ಓಣಿಯವರು ಬುತ್ತಿ ಒಯ್ಯುತ್ತಾರೆ.

ಕಾನೂನೂ ನಮ್ಮ ಕಡೆ ಇದೆ. ಮನುಷ್ಯನ ಖಾಸಗಿತನ ಅವನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು. ಆ ದಾವೆ ಹೂಡಿದವರು ನಮ್ಮ ಹೈಕೋರ್ಟಿನಿಂದ ನಿವೃತ್ತರಾದ ಕೆ.ಎಸ್. ಪುಟ್ಟಸ್ವಾಮಿಯವರು. ಟೀವಿಯಲ್ಲಿ ಬಂದದ್ದು ಸರಿಯಲ್ಲ ಎನಿಸಿದರೆ ಯಾರು ಬೇಕಾದರೂ ಆ ಚಾನೆಲ್ಲಿಗೆ ದೂರು ಬರೆಯಬಹುದು. 2021ರ ನಿಯಮದಂತೆ ಅವರು 15 ದಿನದೊಳಗೆ ಅದನ್ನು ಇತ್ಯರ್ಥ ಮಾಡಬೇಕು. ಮಾಡದಿದ್ದರೆ ಅವರ ಮೇಲಿನ ಸ್ವನಿಯಂತ್ರಣ ಮಂಡಳಿಗೆ ಹೋಗಬಹುದು. ಇದು ನನಗೂ ಗೊತ್ತಿರಲಿಲ್ಲ, ನಮ್ಮ ಶಾಲೆಯ ಗಣಿತದ ಮಾಸ್ತರರು ಹೇಳಿದ್ದು. ಸ್ಪಂದನಾ ಅವರ ಊಟದ ಚರ್ಚೆ ನಡೆಸಿದ ಒಂದು ಚಾನೆಲ್ಲಿಗೆ ನಾನು ಎರಡು ಪುಟ ಬರೆದು ರಿಜಿಸ್ಟರ್ ಮಾಡಿದೆ. ಪೋಸ್ಟಿನ ಹುಡುಗ ವಿಳಾಸ ಓದಿ, "ಟೀವ್ಯಾಗ ಹಾಡಾ ಹೇಳಾಕ ಹೊಂಟೀರೇನ್ರಿ ಟೀಚರ್" ಎಂದು ನಕ್ಕ. 15 ದಿನ ಹೋದವು, 30 ಹೋದವು. ಉತ್ತರ ಬರಲಿಲ್ಲ. ಎರಡನೆಯ ಪತ್ರ ಮಂಡಳಿಗೆ ಹೋಯಿತು, ಅದರ ನಕಲು ನನ್ನ ಹತ್ತಿರ ಇದೆ. ನಿಮಗೆ ಬೇಕಾದರೆ ಕೇಳಿ, ಹೆಸರು ತಾರೀಖು ಬದಲಿಸಿ ನೀವೂ ಬರೆಯಬಹುದು.

ಸ್ಪಂದನಾ ಅವರ ಅಂತ್ಯಕ್ರಿಯೆಯಾದ ಆಗಸ್ಟ್ 9ರ ರಾತ್ರಿ ಅವ್ವ ಇಳಕಲ್ಲಿನಲ್ಲಿ ನನ್ನ ಮನೆಯಲ್ಲಿದ್ದಳು. ಈ ಸಲ ನಾನು ಟೀವಿ ಹಚ್ಚಲಿಲ್ಲ. ಪಕ್ಕದ ಮನೆಯ ಟೀವಿಯ ದನಿ ಗೋಡೆ ದಾಟಿ ಬರುತ್ತಿತ್ತು. ಅವ್ವ ಸುಮಾರು ಹೊತ್ತು ಕೇಳಿಸಿಕೊಂಡಳು. ಆಮೇಲೆ ಹಾಸಿಗೆ ಝಾಡಿಸುತ್ತಿದ್ದ ನನ್ನನ್ನು ಕೇಳಿದಳು:

"ಮುಂಜಾನಿಂದ ಇಷ್ಟು ಮಾತಾಡ್ಯಾರ. ಆ ಸಣ್ಣ ಹುಡುಗಗ ಯಾರಾರ ಎರಡ ತುತ್ತು ಉಣಿಸಿದ್ರೋ ಇಲ್ಲೋ, ಏನರ ಹೇಳಿದ್ರೇನ?"